ಬೀಳುವ ಕಲ್ಲು ಯಾರ ಮಾತು ಕೇಳುತ್ತದೆ?

ಪ್ರಶ್ನೆ: ನಾನು ಅರಸೀಕೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ಒಂಬತ್ತನೇ ತರಗತಿಗೆ ಗುರುತ್ವಾಕರ್ಷಣೆಯ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ‘ಸರ್, ಗುರುತ್ವ ಅನ್ನುವುದು ಬಲವೇ ಅಲ್ಲವಂತೆ, ಐನ್‌ಸ್ಟೈನ್ ಹಾಗೆ ಹೇಳಿದ್ದಾರಂತೆ. ಯೂಟ್ಯೂಬಿನಲ್ಲಿ ನೋಡಿದೆ. ಹಾಗಾದರೆ ನಮ್ಮ ಪುಸ್ತಕದಲ್ಲಿರುವುದು ಸುಳ್ಳೇ?’ ಎಂದಳು. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡೆ. ಆ ನಾಳೆ ಬಂದು ಎರಡು ವಾರವಾಯಿತು. ಭೌತಶಾಸ್ತ್ರದ ನಿಯಮಗಳು ಹೀಗೆ ಬದಲಾಗುತ್ತಲೇ ಹೋದರೆ, ಅವು ವಾಸ್ತವವನ್ನು ಹೇಳುತ್ತವೆ ಎಂದು ಮಕ್ಕಳಿಗೆ ಯಾವ ಧೈರ್ಯದಲ್ಲಿ ಹೇಳಲಿ?

ಉತ್ತರ: ಮೇಷ್ಟ್ರೇ, ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಶಾಬಾಸ್ ಹೇಳಿಬಿಡಿ. ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಬೋಧಿಸಿದ ನನಗೆ ಯಾರೂ ಈ ಪ್ರಶ್ನೆ ಕೇಳಲಿಲ್ಲ. ‘ಇದು ಪರೀಕ್ಷೆಗೆ ಬರುತ್ತದೆಯೇ ಸರ್?’ ಎಂಬ ಪ್ರಶ್ನೆ ಮಾತ್ರ ಲೆಕ್ಕವಿಲ್ಲದಷ್ಟು ಬಾರಿ ಬಂದಿದೆ.

ಪುಸ್ತಕದಲ್ಲಿರುವುದು ಸುಳ್ಳಲ್ಲ. ಆದರೆ ‘ಈಗ ಸುಲಭ ಮಾಡಿ ಹೇಳಿದ್ದೇವೆ, ನಿಜವನ್ನು ದೊಡ್ಡವಳಾದ ಮೇಲೆ ಓದುತ್ತೀಯ’ ಎಂದು ಹೇಳಿ ಮುಗಿಸಬೇಡಿ. ಬಹಳ ಜನ ಹಾಗೆಯೇ ಹೇಳುತ್ತಾರೆ. ಅದು ಉತ್ತರವಲ್ಲ, ಮುಂದೂಡಿಕೆ. ಅದರಲ್ಲಿ ಒಂದು ತಪ್ಪೂ ಅಡಗಿದೆ: ನ್ಯೂಟನ್ ಹೇಳಿದ್ದು ಮಕ್ಕಳ ಮಾತು, ಐನ್‌ಸ್ಟೈನ್ ಹೇಳಿದ್ದು ದೊಡ್ಡವರ ಮಾತು ಎಂಬಂತೆ. ಹಾಗಿಲ್ಲ. ಏಕೆ ಎಂದು ನೋಡಲು ನ್ಯೂಟನ್ ನಿಜವಾಗಿ ಹೇಳಿದ್ದೇನು ಎಂಬುದನ್ನು ಬೋರ್ಡಿನ ಮೇಲೆ ಒಮ್ಮೆ ಬರೆಯಬೇಕು. ನಿಮ್ಮ ಮಕ್ಕಳಿಗೆ ಭಾಗಾಕಾರ ಬಂದರೆ ಸಾಕು.

ಮರದಿಂದ ಕಳಚಿದ ಹಣ್ಣು ಮೊದಲ ಒಂದು ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಭೂಮಿಯ ಕೇಂದ್ರದಿಂದ ಹಣ್ಣಿಗಿರುವ ದೂರ ಭೂಮಿಯ ಒಂದು ತ್ರಿಜ್ಯದಷ್ಟು. ಚಂದ್ರನಿಗಿರುವ ದೂರ ಸುಮಾರು 60 ತ್ರಿಜ್ಯದಷ್ಟು. ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದಾದರೆ ಚಂದ್ರನ ಬಳಿ ಅದು 60 ಗುಣಿಸು 60, ಅಂದರೆ 3,600 ಪಟ್ಟು ಕಡಿಮೆ ಇರಬೇಕು. 4.9 ಮೀಟರನ್ನು 3,600ರಿಂದ ಭಾಗಿಸಿ. ಸುಮಾರು 1.4 ಮಿಲಿಮೀಟರ್ ಬರುತ್ತದೆ. ಚಂದ್ರ ಒಂದು ಸೆಕೆಂಡಿನಲ್ಲಿ ಭೂಮಿಯ ಕಡೆಗೆ ಇಷ್ಟು ಬೀಳಬೇಕು. ಈಗ ಇದನ್ನೆಲ್ಲ ಬದಿಗಿಟ್ಟು ಇನ್ನೊಂದು ದಾರಿಯಲ್ಲಿ ಹೋಗಿ. ಚಂದ್ರನ ಕಕ್ಷೆ ಎಷ್ಟು ದೊಡ್ಡದು, ಒಂದು ಸುತ್ತಿಗೆ 27.3 ದಿನ ಬೇಕು ಎಂಬ ಎರಡೇ ಸಂಗತಿ ಹಿಡಿದು, ನೇರ ಹೋಗಬೇಕಿದ್ದ ಚಂದ್ರ ಒಂದು ಸೆಕೆಂಡಿನಲ್ಲಿ ನೇರ ಗೆರೆಯಿಂದ ಎಷ್ಟು ಬಾಗುತ್ತಾನೆ ಎಂದು ಲೆಕ್ಕ ಹಾಕಿ. ಅದೂ 1.4 ಮಿಲಿಮೀಟರ್ ಆಸುಪಾಸೇ ಬರುತ್ತದೆ.

ಒಂದು ಲೆಕ್ಕದಲ್ಲಿ ತೋಟದ ಹಣ್ಣು, ಇನ್ನೊಂದರಲ್ಲಿ ಪಂಚಾಂಗದ ತಿಂಗಳು. ಎರಡಕ್ಕೂ ಸಂಬಂಧವೇ ಇಲ್ಲ ಎಂದು ಮನುಷ್ಯ ಸಾವಿರಾರು ವರ್ಷ ನಂಬಿದ್ದ. ಮೇಲಿನ ಲೋಕದ ಕಟ್ಟಳೆ ಬೇರೆ, ಕೆಳಗಿನದು ಬೇರೆ ಎಂದು. 1687ರಲ್ಲಿ ನ್ಯೂಟನ್ ತನ್ನ ಗ್ರಂಥ ಪ್ರಕಟಿಸಿದಾಗ ಆ ಗೋಡೆ ಬಿತ್ತು. ಈ 1.4 ಮಿಲಿಮೀಟರನ್ನು ಐನ್‌ಸ್ಟೈನ್ ಸುಳ್ಳು ಮಾಡಲಿಲ್ಲ. ಯಾರೂ ಮಾಡಲಾರರು. ಇದನ್ನು ನೆನಪಿನಲ್ಲಿಡಿ, ಮತ್ತೆ ಇಲ್ಲಿಗೆ ಬರೋಣ.

ಈ ಲೆಕ್ಕದಲ್ಲಿ ‘ಬಲ’ ಎಲ್ಲಿದೆ? ಹುಡುಕಿದರೆ ಸಿಗುವುದಿಲ್ಲ. ದೂರ ಇದೆ, ಕಾಲ ಇದೆ, ಅವುಗಳ ನಡುವಿನ ಸಂಬಂಧ ಇದೆ. ನಾಲ್ಕು ಲಕ್ಷ ಕಿಲೋಮೀಟರಿನ ಬಯಲಿನಾಚೆಗೆ, ನಡುವೆ ಹಗ್ಗವಿಲ್ಲ, ಕೊಕ್ಕೆಯಿಲ್ಲ, ಭೂಮಿ ಚಂದ್ರನನ್ನು ಹೇಗೆ ಎಳೆಯುತ್ತದೆ ಎಂದು ನ್ಯೂಟನ್‌ನನ್ನು ಅವನ ಕಾಲದವರೇ ತರಾಟೆಗೆ ತೆಗೆದುಕೊಂಡರು. ಆ ಗ್ರಂಥದ 1713ರ ಎರಡನೇ ಆವೃತ್ತಿಯ ಕೊನೆಗೆ ಅವನು ಸೇರಿಸಿದ ಮಾತು ಪ್ರಸಿದ್ಧ: ಗುರುತ್ವದ ಕಾರಣವನ್ನು ವಿದ್ಯಮಾನಗಳಿಂದ ಕಂಡುಹಿಡಿಯಲು ನನಗೆ ಸಾಧ್ಯವಾಗಿಲ್ಲ, ಊಹೆಗಳನ್ನು ನಾನು ಕಟ್ಟುವುದಿಲ್ಲ. ಎಳೆತ ಎಂದರೇನು ಎಂದು ತನಗೆ ಗೊತ್ತಿಲ್ಲವೆಂದು ನಿಯಮ ಕೊಟ್ಟವನೇ ಬರೆದಿಟ್ಟು ಹೋದ. ಅವನಿಗಿಂತ ಹೆಚ್ಚು ಖಚಿತವಾಗಿ ನಾವು ಮಕ್ಕಳಿಗೆ ಹೇಳಿಕೊಟ್ಟೆವು.

ಹಾಗಾಗಿ ಭೌತಶಾಸ್ತ್ರದ ಯಾವ ನಿಯಮವನ್ನು ಕೈಗೆತ್ತಿಕೊಂಡರೂ ಅದರಲ್ಲಿ ಎರಡು ಪದರ ಕಾಣುತ್ತದೆ. ಒಂದು ಲೆಕ್ಕ: ಇಷ್ಟು ಕೊಟ್ಟರೆ ಇಷ್ಟು ಬರುತ್ತದೆ. ಇನ್ನೊಂದು ಆ ಲೆಕ್ಕದ ಜೊತೆ ನಾವು ಹೇಳಿಕೊಳ್ಳುವ ಕಥೆ: ಭೂಮಿ ಎಳೆಯುತ್ತದೆ, ದೇಶಕಾಲ (ಜಾಗವೂ ಕಾಲವೂ ಸೇರಿದ ಒಂದೇ ಹೆಣಿಗೆ) ಬಾಗುತ್ತದೆ, ಇತ್ಯಾದಿ. ಕಥೆ ಎಂದರೆ ಕಟ್ಟುಕಥೆ ಎಂದು ಹೀಗಳೆಯುತ್ತಿಲ್ಲ. ಕಥೆಯಿಲ್ಲದೆ ಯಾವ ವಿಜ್ಞಾನಿಯೂ ಹೊಸ ಲೆಕ್ಕಕ್ಕೆ ಕೈಹಾಕಲಾರ. ಆದರೆ ಪ್ರಯೋಗಾಲಯದ ಪರೀಕ್ಷೆಗೆ ಕೂರುವುದು ಲೆಕ್ಕ. ಕಥೆ ಹೊರಗೆ ವರಾಂಡದಲ್ಲಿ ಕಾಯುತ್ತಿರುತ್ತದೆ. ನಿಯಮ ಬದಲಾಯಿತು ಎಂದು ನಾವು ಗಾಬರಿಯಾಗುವಾಗೆಲ್ಲ ಇವೆರಡರಲ್ಲಿ ಯಾವುದು ಬದಲಾಯಿತು ಎಂದು ಕೇಳಿಕೊಳ್ಳಬೇಕು.

ಇದಕ್ಕೆ ಒಬ್ಬನೇ ಮನುಷ್ಯನ ಎರಡು ಅನುಭವಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಫ್ರಾನ್ಸಿನ ಉರ್ಬೇನ್ ಲವೆರಿಯೆ ಎಂಬಾತ ದೂರದರ್ಶಕಕ್ಕಿಂತ ಲೇಖನಿಯನ್ನೇ ಹೆಚ್ಚು ನಂಬಿದ ಖಗೋಳಜ್ಞ. 1781ರಲ್ಲಿ ಹರ್ಷೆಲ್ ಕಂಡುಹಿಡಿದಿದ್ದ ಯುರೇನಸ್ ಗ್ರಹ, ನ್ಯೂಟನ್ನನ ಲೆಕ್ಕ ಹೇಳಿದ ಜಾಗದಲ್ಲಿ ಇರುತ್ತಿರಲಿಲ್ಲ. ಸ್ವಲ್ಪ ಹಿಂದೋ ಮುಂದೋ. ನಿಯಮ ತಪ್ಪೇ? ಅಥವಾ ಕಾಣದ ಇನ್ನಾವುದೋ ಗ್ರಹ ಅದನ್ನು ಸೆಳೆಯುತ್ತಿದೆಯೇ? ಲವೆರಿಯೆ ಎರಡನೆಯದನ್ನು ಹಿಡಿದು, ಆ ಕಾಣದ ಗ್ರಹ ಎಲ್ಲಿರಬೇಕು ಎಂದು ಲೆಕ್ಕ ಹಾಕಿ ಬರ್ಲಿನ್ ವೀಕ್ಷಣಾಲಯದ ಗಾಲೆಗೆ ಪತ್ರ ಬರೆದ. ಪತ್ರ ತಲುಪಿದ್ದು 1846ರ ಸೆಪ್ಟೆಂಬರ್ 23ರಂದು. ಅದೇ ರಾತ್ರಿ ಗಾಲೆ ದೂರದರ್ಶಕ ತಿರುಗಿಸಿದ. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಇತ್ತು. ಇಂಗ್ಲೆಂಡಿನ ಆಡಮ್ಸ್ ಕೂಡ ಇಂಥದೇ ಲೆಕ್ಕ ಮಾಡಿದ್ದ. ಯಾರಿಗೆ ಎಷ್ಟು ಶ್ರೇಯಸ್ಸು ಎಂಬ ಜಗಳ ಆಮೇಲೆ ಬಹಳ ಕಾಲ ನಡೆಯಿತು, ಅದು ಈಗ ಬೇಡ.

ಮುಂದೆ ಲವೆರಿಯೆ ಬುಧನ ಕಡೆ ತಿರುಗಿದ. ಬುಧ ಸೂರ್ಯನಿಗೆ ಅತಿ ಹತ್ತಿರ ಬರುವ ಬಿಂದು ಒಂದೇ ಕಡೆ ನಿಲ್ಲದೆ ನಿಧಾನವಾಗಿ ಸರಿಯುತ್ತದೆ. ಬೇರೆ ಗ್ರಹಗಳ ಸೆಳೆತದಿಂದ ಇಷ್ಟು ಸರಿಯಬೇಕು ಎಂದು ಲೆಕ್ಕ ಹಾಕಿದರೆ, ನಿಜವಾದ ಸರಿತ ಅದಕ್ಕಿಂತ ಸ್ವಲ್ಪ ಹೆಚ್ಚಿತ್ತು. ಆ ಹೆಚ್ಚಳ, ಈಗಿನ ಎಣಿಕೆಯಂತೆ, ನೂರು ವರ್ಷಕ್ಕೆ 43 ವಿಕಲೆ; ಒಂದು ಡಿಗ್ರಿಯ 3,600ರಲ್ಲಿ ಒಂದು ಪಾಲು ಒಂದು ವಿಕಲೆ. ಹುಣ್ಣಿಮೆಯ ಚಂದ್ರನ ಅಗಲ ಸುಮಾರು 1,800 ವಿಕಲೆ. ಅಂದರೆ ಬುಧನ ಈ ತಪ್ಪು ಚಂದ್ರನ ಅಗಲದಷ್ಟಾಗಲು ನಾಲ್ಕು ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಇಷ್ಟನ್ನೂ ಬಿಡದೆ ಹಿಡಿದವರಿದ್ದರು ಎಂಬುದೇ ನನಗೆ ವಿಜ್ಞಾನದ ದೊಡ್ಡ ಸೋಜಿಗ.

ಒಮ್ಮೆ ಗೆದ್ದ ದಾಳವನ್ನೇ ಲವೆರಿಯೆ ಮತ್ತೆ ಎಸೆದ. ಸೂರ್ಯನಿಗೂ ಬುಧನಿಗೂ ನಡುವೆ ಕಾಣದ ಗ್ರಹವೊಂದಿದೆ ಎಂದ. ಅದಕ್ಕೆ ವಲ್ಕನ್ ಎಂದು ಹೆಸರಾಯಿತು. ಹಳ್ಳಿಯ ವೈದ್ಯನೊಬ್ಬ 1859ರಲ್ಲಿ ಸೂರ್ಯನ ಮುಂದೆ ಕಪ್ಪು ಚುಕ್ಕೆ ಹಾದುಹೋದದ್ದನ್ನು ಕಂಡೆ ಎಂದ. 1878ರ ಗ್ರಹಣದಲ್ಲಿಯೂ ಕಂಡೆವು ಎಂದವರಿದ್ದರು. ಇನ್ನೊಬ್ಬರು ನೋಡಿದಾಗ ಮಾತ್ರ ಅದು ಅಲ್ಲಿರುತ್ತಿರಲಿಲ್ಲ. ವಲ್ಕನ್ ಇದೆ ಎಂದು ನಂಬಿಕೊಂಡೇ ಲವೆರಿಯೆ ತೀರಿಕೊಂಡ, 1877ರ ಸೆಪ್ಟೆಂಬರ್ 23ರಂದು. ನೆಪ್ಚೂನ್ ಸಿಕ್ಕ ದಿನಕ್ಕೆ ಸರಿಯಾಗಿ 31 ವರ್ಷ.

ಅದೇ ನಿಯಮ, ಅದೇ ಮನುಷ್ಯ, ಅದೇ ಬಗೆಯ ತರ್ಕ. ಒಂದು ಕಡೆ ಗ್ರಹ ಸಿಕ್ಕಿತು, ಇನ್ನೊಂದು ಕಡೆ ನಿಯಮದ ಗಡಿ ಸಿಕ್ಕಿತು. ಮೊದಲೇ ಇದು ಯಾವುದು ಎಂದು ತಿಳಿಯುವ ಉಪಾಯ ಯಾರ ಬಳಿಯೂ ಇರಲಿಲ್ಲ, ಈಗಲೂ ಇಲ್ಲ.

ಬುಧನ ಗಂಟನ್ನು ಬಿಡಿಸಿದ್ದು ಬುಧನ ಬಗ್ಗೆ ಯೋಚಿಸದೆ ಹುಟ್ಟಿದ ಒಂದು ಆಲೋಚನೆ. 1907ರಲ್ಲಿ ಐನ್‌ಸ್ಟೈನ್ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತ ಕುಳಿತಿದ್ದಾಗ ಹೊಳೆದದ್ದು ಇಷ್ಟೇ: ಮೇಲಿಂದ ಬೀಳುತ್ತಿರುವ ಮನುಷ್ಯನಿಗೆ ಬೀಳುವಷ್ಟು ಹೊತ್ತು ತನ್ನ ತೂಕ ತಿಳಿಯುವುದಿಲ್ಲ. ತನ್ನ ಬದುಕಿನ ಅತ್ಯಂತ ಸಂತೋಷದ ಆಲೋಚನೆ ಅದು ಎಂದು ಆತ ಆಮೇಲೆ ಹೇಳಿಕೊಂಡಿದ್ದಾನೆ. ಬಾವಿಕಟ್ಟೆಯಿಂದ ಈಜಲು ಹಾರಿದ ಎಲ್ಲರಿಗೂ ಗೊತ್ತಿರುವ ಸಂಗತಿ ಅದು. ಗುರುತ್ವ ನಿಜವಾಗಿ ಒಂದು ಎಳೆತವಾಗಿದ್ದರೆ, ಆ ಎಳೆತಕ್ಕೆ ಪೂರ್ತಿ ಒಪ್ಪಿಸಿಕೊಂಡ ಗಳಿಗೆಯಲ್ಲೇ ಅದು ಮಾಯವಾಗುವುದು ಹೇಗೆ? ಬೀಳುವ ವಸ್ತು ಹಗುರವೋ ಭಾರವೋ, ಗುಂಡೋ ಗರಿಯೋ ಎಂದು ನೋಡದೆ ಎಲ್ಲವೂ ಒಂದೇ ರೀತಿ ಬೀಳುವುದೇಕೆ? 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಗಿಡುಗದ ಗರಿಯನ್ನೂ ಒಟ್ಟಿಗೆ ಕೈಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಬೇರೆ ಯಾವ ಬಲವೂ ಹೀಗೆ ಪಂಕ್ತಿಭೇದವಿಲ್ಲದೆ ನಡೆದುಕೊಳ್ಳುವುದಿಲ್ಲ. ಹಾಗಾದರೆ ಇದು ವಸ್ತುಗಳ ಮೇಲಿನ ಬಲವಾಗಿರದೆ, ಎಲ್ಲ ವಸ್ತುಗಳೂ ಓಡಾಡುವ ಹಾದಿಯ, ಅಂದರೆ ಬಾಗಿದ ದೇಶಕಾಲದ, ಗುಣವೇ ಇರಬಹುದಲ್ಲ?

ಅಲ್ಲಿಂದ ಎಂಟು ವರ್ಷ ಒದ್ದಾಡಿ 1915ರ ನವೆಂಬರಿನಲ್ಲಿ ಸಮೀಕರಣ ಸಿಕ್ಕಿದಾಗ ಆತ ಮೊದಲು ಮಾಡಿದ ಲೆಕ್ಕಗಳಲ್ಲಿ ಬುಧನದ್ದೂ ಒಂದು. 43 ವಿಕಲೆ ಬಂತು. ಯಾವ ಸಂಖ್ಯೆಯನ್ನೂ ಬೇಕೆಂದಂತೆ ತಿರುಚಿಕೊಳ್ಳದೆ ಬಂತು. 1919ರ ಮೇ 29ರ ಗ್ರಹಣದಲ್ಲಿ ಇಂಗ್ಲೆಂಡಿನ ಖಗೋಳಜ್ಞ ಎಡಿಂಗ್ಟನ್ ಆಫ್ರಿಕಾದ ಕರಾವಳಿಯಾಚೆಯ ಪ್ರಿನ್ಸಿಪೆ ದ್ವೀಪದಿಂದಲೂ, ಇನ್ನೊಂದು ತಂಡ ಬ್ರೆಜಿಲಿನ ಸೊಬ್ರಾಲ್‌ನಿಂದಲೂ ಸೂರ್ಯನ ಪಕ್ಕದ ನಕ್ಷತ್ರಗಳ ಚಿತ್ರ ತೆಗೆದರು. ನ್ಯೂಟನ್ನನ ದಾರಿ ಹಿಡಿದರೆ ಸೂರ್ಯನ ಪಕ್ಕ ಹಾದುಬರುವ ಆ ನಕ್ಷತ್ರಗಳ ಬೆಳಕು 0.87 ವಿಕಲೆ ಬಾಗಬೇಕು, ಐನ್‌ಸ್ಟೈನ್ ಪ್ರಕಾರ 1.75. ಫಲಿತಾಂಶ ಎರಡನೆಯದರ ಕಡೆಗಿತ್ತು.

ಗ್ರಹಣದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಇಷ್ಟ 1977ರ ಕಥೆ. ಜಿಪಿಎಸ್ ವ್ಯವಸ್ಥೆ ಹುಟ್ಟುವ ಮುಂಚೆ ಅಮೆರಿಕದವರು ಎನ್‌ಟಿಎಸ್-2 ಎಂಬ ಉಪಗ್ರಹದಲ್ಲಿ ಪರಮಾಣು ಗಡಿಯಾರ ಇಟ್ಟು ಹಾರಿಸಿದರು. ಮೇಲಿನ ಗಡಿಯಾರ ಗುರುತ್ವದ ದೆಸೆಯಿಂದ ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡು ಮುಂದೆ ಹೋಗಬೇಕು, ತನ್ನ ವೇಗದ ದೆಸೆಯಿಂದ 7 ಹಿಂದೆ ಬೀಳಬೇಕು. ಒಟ್ಟಾರೆ ದಿನಕ್ಕೆ 38ರಷ್ಟು ಮುಂದೆ. ಐನ್‌ಸ್ಟೈನನ ಸಾಪೇಕ್ಷತಾ ಸಿದ್ಧಾಂತದ ಈ ಮಾತನ್ನು ಎಂಜಿನಿಯರುಗಳಲ್ಲಿ ಕೆಲವರು ನಂಬಲಿಲ್ಲ. ಆದ್ದರಿಂದ ತಿದ್ದುಪಡಿಯ ಸಾಧನವನ್ನು ಅಳವಡಿಸಿ, ಅದನ್ನು ಚಾಲೂ ಮಾಡದೆ ಬಿಟ್ಟರು. ಇಪ್ಪತ್ತು ದಿನ ನೋಡಿದರು. ಗಡಿಯಾರ ಐನ್‌ಸ್ಟೈನ್ ಹೇಳಿದ ಪ್ರಮಾಣಕ್ಕೆ ನೂರರಲ್ಲಿ ಒಂದು ಪಾಲಿನಷ್ಟೇ ವ್ಯತ್ಯಾಸದಲ್ಲಿ ಮುಂದೆ ಓಡಿತು. ಸುಮ್ಮನೆ ತಿದ್ದುಪಡಿ ಚಾಲೂ ಮಾಡಿದರು. 38 ಮೈಕ್ರೋಸೆಕೆಂಡು ಯಾವ ಲೆಕ್ಕ ಎನ್ನಬೇಡಿ, ಅಷ್ಟರಲ್ಲಿ ಬೆಳಕು 11 ಕಿಲೋಮೀಟರ್ ಓಡಿರುತ್ತದೆ. ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲಿ ಜಿಪಿಎಸ್‌ನಂತೆಯೇ ದಾರಿ ತೋರುವ ನಮ್ಮ ನಾವಿಕ್ ಉಪಗ್ರಹಗಳ ಗಡಿಯಾರ ಕಾಯುವವರೂ ಇದೇ ಲೆಕ್ಕ ಮಾಡಲೇಬೇಕು. ಫುಡ್ ಡೆಲಿವರಿ ಹುಡುಗ ನಿಮ್ಮ ಮನೆ ಬಾಗಿಲಿಗೇ ಬರುತ್ತಾನಲ್ಲ, ಅವನ ಹಿಂದೆ ಈ ಗಡಿಯಾರಗಳಿವೆ.

ಇಲ್ಲಿ ಸ್ವಲ್ಪ ಗೊಣಗಲು ಬಿಡಿ. ಎಳೆದು ಕಟ್ಟಿದ ರಬ್ಬರ್ ಹಾಳೆಯ ಮೇಲೆ ಗುಂಡಿಟ್ಟು, ಹಾಳೆ ತಗ್ಗಾಗುವುದನ್ನು ತೋರಿಸಿ ‘ನೋಡಿ, ಹೀಗೆ ದೇಶ ಬಾಗುತ್ತದೆ, ಗೋಲಿ ತಗ್ಗಿಗೆ ಉರುಳುತ್ತದೆ’ ಎನ್ನುವ ವಿಡಿಯೊಗಳಿವೆಯಲ್ಲ, ನಿಮ್ಮ ವಿದ್ಯಾರ್ಥಿನಿ ನೋಡಿರುವುದೂ ಅಂಥದ್ದೇ ಇರಬೇಕು. ನಾನೂ ಅದನ್ನೇ ಬಹಳ ವರ್ಷ ಹೇಳಿದವನು, ಈಗ ನಾಚಿಕೆಯಾಗುತ್ತದೆ. ಗೋಲಿ ತಗ್ಗಿಗೆ ಉರುಳುವುದು ಕೆಳಗೆ ಭೂಮಿಯ ಗುರುತ್ವ ಇರುವುದರಿಂದ. ಗುರುತ್ವವನ್ನು ವಿವರಿಸಲು ಗುರುತ್ವವನ್ನೇ ಸಾಲ ತಂದಂತಾಯಿತು. ಜೊತೆಗೆ, ಕೈಯಿಂದ ಬಿಟ್ಟ ಕಲ್ಲು ಕೆಳಗೆ ಬರುವುದರಲ್ಲಿ ದೇಶದ ಬಾಗುವಿಕೆಯ ಪಾತ್ರ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಕೆಲಸ ಮಾಡುವುದು ಕಾಲದ ಬಾಗುವಿಕೆ: ಕೆಳಗಿನ ಗಡಿಯಾರ ಮೇಲಿನದಕ್ಕಿಂತ ನಿಧಾನ ನಡೆಯುತ್ತದೆ. ಇದೂ ಬರಿಯ ಕಥೆಯಲ್ಲ. 2010ರಲ್ಲಿ ಅಮೆರಿಕದ ಬೋಲ್ಡರಿನ ಪ್ರಯೋಗಾಲಯದಲ್ಲಿ ಎರಡು ಗಡಿಯಾರಗಳಲ್ಲಿ ಒಂದನ್ನು ಬರಿಯ 33 ಸೆಂಟಿಮೀಟರ್ ಎತ್ತರಿಸಿ, ಎರಡರ ನಡಿಗೆಯಲ್ಲಿನ ವ್ಯತ್ಯಾಸವನ್ನು ಅಳೆದರು. ನಿಮ್ಮ ತಲೆ ನಿಮ್ಮ ಪಾದಕ್ಕಿಂತ ಬೇಗ ಮುದುಕಾಗುತ್ತಿದೆ, ಮೇಷ್ಟ್ರೇ. ಎಂಬತ್ತು ವರ್ಷ ನಿಂತೇ ಇದ್ದರೂ ಅರ್ಧ ಮೈಕ್ರೋಸೆಕೆಂಡಿನಷ್ಟೂ ವ್ಯತ್ಯಾಸ ಬರುವುದಿಲ್ಲ, ಕೂದಲು ನೆರೆತದ್ದಕ್ಕೆ ಬೇರೆ ಕಾರಣ ಹುಡುಕಿ.

ಸರಿ, ಗುರುತ್ವ ಬಲವೋ ಅಲ್ಲವೋ? ಐನ್‌ಸ್ಟೈನ್ ಗೆದ್ದ ಮೇಲೆ ‘ಅಲ್ಲ’ ಎಂದೇ ತೀರ್ಪಾಯಿತಲ್ಲವೇ? ವಿಡಿಯೊ ಮಾಡುವವರು ಹೇಳದಿರುವ ಒಂದು ಸಂಗತಿ ಇದೆ. 1923ರಲ್ಲಿ ಎಲಿ ಕಾರ್ಟಾನ್ ಎಂಬ ಫ್ರೆಂಚ್ ಗಣಿತಜ್ಞ ನ್ಯೂಟನ್ನನ ಗುರುತ್ವವನ್ನೇ, ಅದರ ಒಂದು ಸಂಖ್ಯೆಯೂ ಬದಲಾಗದಂತೆ, ಬಲ ಎಂಬ ಮಾತನ್ನು ಬಳಸದೆ ಬಾಗಿದ ದೇಶಕಾಲದ ಭಾಷೆಯಲ್ಲಿ ಬರೆದು ತೋರಿಸಿದ. ಅದೇ ಹಳೆಯ 1.4 ಮಿಲಿಮೀಟರ್, ಆದರೆ ಎಳೆತ ಇಲ್ಲ. ಇದರ ಉಲ್ಟಾ ಕೂಡ ಆಗಿದೆ. ಐನ್‌ಸ್ಟೈನನ ಸಿದ್ಧಾಂತವನ್ನು ಬಾಗುವಿಕೆಯ ಮಾತೇ ಇಲ್ಲದೆ, ಬಲದಂತೆಯೇ ವರ್ತಿಸುವ ಇನ್ನೊಂದು ಪರಿಮಾಣವಿಟ್ಟು ಬರೆಯುವ ದಾರಿಯೂ ಗಣಿತದಲ್ಲಿದೆ. ಲೆಕ್ಕಗಳು ಒಂದೂ ಬದಲಾಗುವುದಿಲ್ಲ. ಹಾಗಾಗಿ ‘ಬಲವೋ ಬಾಗುವಿಕೆಯೋ’ ಎಂಬ ಪ್ರಶ್ನೆಗೆ ಬುಧ ಉತ್ತರ ಕೊಡಲಿಲ್ಲ, ಗ್ರಹಣವೂ ಕೊಡಲಿಲ್ಲ, ಉಪಗ್ರಹವೂ ಕೊಡಲಿಲ್ಲ. ಅವು ಉತ್ತರ ಕೊಟ್ಟದ್ದು 43ಕ್ಕೆ, 1.75ಕ್ಕೆ, 38ಕ್ಕೆ. ಬಾಗುವಿಕೆಯ ಕಥೆಯನ್ನು ನಾವು ಹೆಚ್ಚು ಮೆಚ್ಚುವುದು ಅದರಲ್ಲಿ ತೇಪೆ ಕಡಿಮೆ ಎಂಬ ಕಾರಣಕ್ಕೆ, ಎಲ್ಲ ವಸ್ತುಗಳೂ ಒಂದೇ ರೀತಿ ಬೀಳುವುದು ಅದರಲ್ಲಿ ತಾನೇ ತಾನಾಗಿ ಬರುತ್ತದೆ ಎಂಬ ಕಾರಣಕ್ಕೆ. ಅದು ಒಳ್ಳೆಯ ಕಾರಣವೇ. ಆದರೆ ಅದನ್ನು ಪ್ರಯೋಗ ಕೊಟ್ಟ ತೀರ್ಪು ಎನ್ನಬಾರದು.

ಹೊಸ ನಿಯಮ ಬಂದಾಗ ಹಳೆಯದಕ್ಕೆ ಏನಾಗುತ್ತದೆ ಎಂದು ಇಲ್ಲಿ ನೋಡಬೇಕು. ಐನ್‌ಸ್ಟೈನನ ಸಮೀಕರಣದಲ್ಲಿ ವೇಗ ಕಡಿಮೆ, ಗುರುತ್ವ ದುರ್ಬಲ ಎಂದು ಇಟ್ಟುಕೊಂಡು ಲೆಕ್ಕ ಬಿಡಿಸಿದರೆ ದೂರದ ವರ್ಗದ ಅದೇ ಹಳೆಯ ನಿಯಮ ಹೊರಗೆ ಬರುತ್ತದೆ. ಬರಲೇಬೇಕು, ಇಲ್ಲದಿದ್ದರೆ ಹೊಸದನ್ನು ಯಾರೂ ಒಳಗೆ ಸೇರಿಸುತ್ತಿರಲಿಲ್ಲ. ಭೂಮಿಯ ಮೇಲೆ ಎರಡರ ನಡುವಿನ ತಿದ್ದುಪಡಿ ನೂರು ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ಚಂದ್ರಯಾನ-3 ಅನ್ನು 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿಸಿದ ಲೆಕ್ಕದ ಮೈಕಟ್ಟು ನ್ಯೂಟನ್ನನದೇ. ಆಸ್ತಿಯೆಲ್ಲ ಮಗನಿಗೆ ಬಂತು, ಅಪ್ಪ ಹೇಳುತ್ತಿದ್ದ ಕಥೆಯನ್ನು ಮಾತ್ರ ಮಗ ಮುಂದುವರಿಸಲಿಲ್ಲ. ಬೆಳಕಿನ ವಿಷಯದಲ್ಲಿಯೂ ಹೀಗೆಯೇ. ಫ್ರೆನೆಲ್ 1820ರ ಸುಮಾರಿಗೆ, ಈಥರ್ ಎಂಬ ಮಾಧ್ಯಮ ಅಲುಗುತ್ತದೆ ಎಂದುಕೊಂಡು ಬೆಳಕಿನ ಪ್ರತಿಫಲನದ ಸೂತ್ರ ಬರೆದ. ಈಥರ್ ಇಲ್ಲವೆಂದು ಆಮೇಲೆ ಗೊತ್ತಾಯಿತು. ಸೂತ್ರ ಇವತ್ತಿಗೂ ಕನ್ನಡಕದ ಗಾಜಿಗೆ ಲೇಪನ ಹಚ್ಚುವವರ ಕೈಯಲ್ಲಿದೆ.

ನಿಮ್ಮ ಮಕ್ಕಳಿಗೆ ಗ್ರಾಮ ನಕ್ಷೆಯ ಹೋಲಿಕೆ ಕೊಡಬಹುದು. ಸರ್ವೇಯರ್ ಬಂದು ಸರಪಳಿ ಹಿಡಿದು ಜಮೀನು ಅಳೆಯುವಾಗ ಭೂಮಿ ಗುಂಡಗಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸರ್ವೇ ನಂಬರಿನ ನಕ್ಷೆ ಚಪ್ಪಟೆ. ಅದರಿಂದ ಯಾರ ಹೊಲವೂ ಒಂದು ಗೇಣು ಕಳೆದುಹೋಗಿಲ್ಲ; ಬದುವಿನ ಜಗಳಗಳಿಗೆ ಕಾರಣ ಬೇರೆಯೇ. ಆದರೆ 1802ರಲ್ಲಿ ಮದ್ರಾಸಿನ ಬಳಿ ಶುರುವಾದ ಮಹಾ ತ್ರಿಕೋನಮಿತಿ ಸರ್ವೇಯಲ್ಲಿ ಇಡೀ ದೇಶವನ್ನು ಅಳೆಯ ಹೊರಟ ಲ್ಯಾಂಬ್ಟನ್‌ಗೆ ಭೂಮಿಯ ಗುಂಡನ್ನು ಬಿಟ್ಟರೆ ನಡೆಯುತ್ತಿರಲಿಲ್ಲ. ಗ್ರಾಮ ನಕ್ಷೆ ಸುಳ್ಳೇ? ಅಲ್ಲ. ಅದರ ಮೂಲೆಯಲ್ಲಿ ‘ಇಷ್ಟು ದೂರದವರೆಗೆ’ ಎಂದು ಬರೆದಿಲ್ಲ, ಅಷ್ಟೇ. ಆ ಗಡಿ ಎಲ್ಲಿದೆ ಎಂದು ಮುಂದಿನ ನಿಯಮ ಬಂದ ಮೇಲೆಯೇ ತಿಳಿಯುತ್ತದೆ.

ಈ ಹೋಲಿಕೆ ಕುಂಟುವ ಜಾಗವನ್ನೂ ಹೇಳಿಬಿಡುತ್ತೇನೆ, ಆ ಹುಡುಗಿ ಹೇಗೂ ಹಿಡಿಯುತ್ತಾಳೆ. ನಕ್ಷೆ ಸರಿಯೇ ಎಂದು ನೋಡಲು ನಾವು ಹೊಲಕ್ಕೇ ಹೋಗಿ ನಿಲ್ಲಬಹುದು. ವಿಶ್ವದ ವಿಷಯದಲ್ಲಿ ಹಾಗೆ ಹೋಗಿ ನಿಲ್ಲುವ ಹೊಲ ಇಲ್ಲ. ಒಂದು ನಕ್ಷೆಯನ್ನು ಇನ್ನೊಂದು ನಕ್ಷೆಯ ಜೊತೆ, ಒಂದು ಅಳತೆಯನ್ನು ಇನ್ನೊಂದು ಅಳತೆಯ ಜೊತೆ ಇಟ್ಟು ನೋಡಬಹುದು, ಅಷ್ಟೇ. ಹಾಗಾದರೆ ವಾಸ್ತವ ನಮ್ಮ ಕೈಗೆ ಸಿಗುವುದೇ ಇಲ್ಲವೇ? ತತ್ತ್ವಶಾಸ್ತ್ರದವರಲ್ಲಿ ಕೆಲವರು ಹಾಗೆನ್ನುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಅಸಮ್ಮತಿಗೆ ಆಧಾರ ಬೆಂಗಳೂರಿನ ಒಬ್ಬರ ಕೆಲಸ.

ಸಿ. ವಿ. ವಿಶ್ವೇಶ್ವರ ಅವರ ಹೆಸರನ್ನು ನೀವು ಕೇಳಿರಬಹುದು. ಬೆಂಗಳೂರಿನ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರು. ಅದಕ್ಕೂ ಬಹಳ ಮುಂಚೆ, 1970ರಲ್ಲಿ, ಅವರು ಒಂದು ಲೆಕ್ಕ ಮಾಡಿದ್ದರು. ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಸೆಳೆತವಿರುವ ಕಪ್ಪುಕುಳಿಯನ್ನು (ಬ್ಲ್ಯಾಕ್ ಹೋಲ್) ಕೆಣಕಿದರೆ ಅದು ಬಡಿದ ಗಂಟೆಯಂತೆ ಒಂದು ನಿರ್ದಿಷ್ಟ ಶ್ರುತಿಯಲ್ಲಿ ಮಿಡಿದು, ಬೇಗನೆ ಅಡಗುತ್ತದೆ; ಆ ಮಿಡಿತ ಗುರುತ್ವದ ಅಲೆಗಳಾಗಿ ಹೊರಗೆ ಬರುತ್ತದೆ ಎಂಬುದು ಅದರ ಸಾರ. ಆಗ ‘ಕಪ್ಪುಕುಳಿ’ ಎಂಬ ಹೆಸರೇ ಹೊಸದು. ಅಂಥ ವಸ್ತು ಇದೆಯೋ ಇಲ್ಲವೋ ಎಂದೇ ಬಹಳ ಜನಕ್ಕೆ ಸಂಶಯ. ಲೆಕ್ಕ ಕಾಗದದ ಮೇಲೆ ನಲವತ್ತೈದು ವರ್ಷ ಕುಳಿತಿತ್ತು. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಗಳನ್ನು ಹಿಡಿಯಲೆಂದೇ ಕಟ್ಟಿದ ಅಮೆರಿಕದ ಲೈಗೊ ಉಪಕರಣಗಳೆರಡು ಒಟ್ಟಿಗೇ ಕಂಪಿಸಿದವು. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದರೊಳಗೊಂದು ಬಿದ್ದು ಒಂದಾಗಿದ್ದವು. ನಾಲ್ಕು ಕಿಲೋಮೀಟರ್ ಉದ್ದದ ಉಪಕರಣದ ತೋಳು ಪ್ರೋಟಾನಿನ ಅಗಲದ ನೂರರಲ್ಲೊಂದು ಪಾಲಿಗಿಂತ ಕಡಿಮೆ ಅಲುಗಿತ್ತು. ಆ ಅಲುಗಾಟದ ಕೊನೆಯಲ್ಲಿ, ಕ್ಷಣದ ತುಣುಕಿನಷ್ಟು ಹೊತ್ತು, ಅಡಗುತ್ತಿರುವ ಗಂಟೆಯ ಮಿಡಿತವಿತ್ತು. ವಿಶ್ವೇಶ್ವರ ಅವರು ಅದನ್ನು ನೋಡಿಯೇ 2017ರಲ್ಲಿ ತೀರಿಕೊಂಡರು.

ನಿಯಮಗಳು ನಮ್ಮ ಅನುಕೂಲಕ್ಕೆ ನಾವೇ ಹೆಣೆದುಕೊಂಡ ಬುಟ್ಟಿಗಳು ಮಾತ್ರವಾಗಿದ್ದರೆ, ಯಾರೂ ಕಂಡಿರದ ವಸ್ತುವಿನ ಶ್ರುತಿ ಕಾಗದದ ಮೇಲೆ ಮೊದಲೇ ಬರುವುದು ಹೇಗೆ? ಬುಧನ ಕಕ್ಷೆಗೆ ಹೊಂದಿಸಲು ಕೂಡ ಬರೆಯದ ಸಮೀಕರಣ ಅದನ್ನೂ ಹೇಳಿತು, ಗಡಿಯಾರವನ್ನೂ ಹೇಳಿತು, ಗಂಟೆಯ ಮಿಡಿತವನ್ನೂ ಹೇಳಿತು. ಆ ಸಂಬಂಧಗಳ ಹೆಣಿಗೆ ನಿಜವಾಗಿ ಹೊರಗಿದೆ ಎಂದು ನಾನು ನಂಬುತ್ತೇನೆ. ಹೆಣಿಗೆಯ ನೂಲು ಯಾವುದು, ಬಲವೋ ಬಾಗುವಿಕೆಯೋ ಇನ್ನೇನೋ, ಎಂಬುದರಲ್ಲಿ ಮಾತ್ರ ನನ್ನ ನಂಬಿಕೆ ಸಡಿಲ. ಐನ್‌ಸ್ಟೈನನ ಸಿದ್ಧಾಂತವೂ ಕೊನೆಯದಲ್ಲ ಎಂದು ಅದೇ ಹೇಳುತ್ತದೆ: ಕಪ್ಪುಕುಳಿಯ ನಡುವೆ ಸಾಂದ್ರತೆ ಅನಂತವಾಗುತ್ತದೆ ಎಂಬ ಅದರ ಉತ್ತರ, ನಿಮ್ಮ ಕ್ಯಾಲ್ಕುಲೇಟರಿನಲ್ಲಿ ಸೊನ್ನೆಯಿಂದ ಭಾಗಿಸಿದಾಗ ಬರುವ ಉತ್ತರದಂಥದ್ದು.

ಲವೆರಿಯೆಯ ಪೇಚು ಇವತ್ತು ಮತ್ತೆ ನಮ್ಮ ಎದುರಿಗೆ ಕುಳಿತಿದೆ. ನಕ್ಷತ್ರಮಂಡಲಗಳ (ಗ್ಯಾಲಕ್ಸಿಗಳ) ಅಂಚಿನ ನಕ್ಷತ್ರಗಳು, ಕಾಣುವ ದ್ರವ್ಯದ ಸೆಳೆತದಿಂದ ಲೆಕ್ಕ ಹಾಕಿದರೆ, ಇರಬೇಕಾದ್ದಕ್ಕಿಂತ ಬಹಳ ವೇಗವಾಗಿ ಸುತ್ತುತ್ತಿವೆ. ಇಂಥ ಅನುಮಾನವನ್ನು 1933ರಲ್ಲಿ ಖಗೋಳಜ್ಞ ಜ್ವಿಕಿ ನಕ್ಷತ್ರಮಂಡಲಗಳ ಗುಂಪಿನಲ್ಲಿ ಎತ್ತಿದ್ದ, 1970ರ ದಶಕದಲ್ಲಿ ವೀರಾ ರೂಬಿನ್ ಗಟ್ಟಿ ಮಾಡಿದರು. ಕಾಣದ ಕಪ್ಪು ದ್ರವ್ಯ ಇದೆ ಎನ್ನುವವರು ನೆಪ್ಚೂನ್ ಹುಡುಕುತ್ತಿದ್ದಾರೆ. ನಿಯಮವನ್ನೇ ತಿದ್ದಬೇಕು ಎಂದು 1983ರಿಂದ ಮಿಲ್ಗ್ರಾಮ್ ಎಂಬ ಭೌತವಿಜ್ಞಾನಿ ಹೇಳುತ್ತಿರುವುದು, ಇದು ವಲ್ಕನ್ ಎಂದು. ನನ್ನನ್ನು ಕೇಳಿದರೆ ನೆಪ್ಚೂನ್ ಪಕ್ಷ. ಡಿಕ್ಕಿ ಹೊಡೆದ ಎರಡು ನಕ್ಷತ್ರಮಂಡಲ ಸಮೂಹಗಳನ್ನು 2006ರಲ್ಲಿ ನೋಡಿದಾಗ, ಬಿಸಿ ಅನಿಲ ನಡುವೆ ಸಿಕ್ಕಿಬಿದ್ದಿತ್ತು, ಸೆಳೆತ ಮಾತ್ರ ಎರಡೂ ಪಕ್ಕಕ್ಕೆ ದಾಟಿಹೋಗಿತ್ತು. ನಿಯಮ ತಿದ್ದಿ ಅದನ್ನು ವಿವರಿಸುವುದು ಕಷ್ಟ. ಆದರೆ ಕಪ್ಪು ದ್ರವ್ಯದ ಒಂದು ಕಣವೂ ಇದುವರೆಗೆ ಯಾರ ಬಲೆಗೂ ಬಿದ್ದಿಲ್ಲ. ಲವೆರಿಯೆಯೂ ಕೊನೆಯವರೆಗೆ ಇದೇ ಧೈರ್ಯದಲ್ಲಿದ್ದ ಎಂಬುದನ್ನು ನಾನು ಮರೆತಿಲ್ಲ.

ಪರಮಾಣು, ಎಲೆಕ್ಟ್ರಾನುಗಳ ಲೋಕದ ಕ್ವಾಂಟಂ ವಿಷಯಕ್ಕೆ ಇಲ್ಲಿ ಜಾಗವಿಲ್ಲ, ಆದರೆ ಹುಡುಗಿಯ ಮುಂದಿನ ವಿಡಿಯೊ ಅದೇ ಇರುತ್ತದೆ. ಅಲ್ಲಿ ಲೆಕ್ಕ ಒಂದೇ, ಕಥೆ ನಾಲ್ಕಾರು; ಯಾವ ಪ್ರಯೋಗವೂ ಅವುಗಳಲ್ಲಿ ಒಂದನ್ನು ಆರಿಸಿಕೊಟ್ಟಿಲ್ಲ. ‘ನೋಡುವವರಿಲ್ಲದಿದ್ದರೆ ಜಗತ್ತಿಲ್ಲ, ನಮ್ಮ ಹಿರಿಯರು ಮಾಯೆ ಎಂದದ್ದು ಇದನ್ನೇ’ ಎಂದು ಯಾರಾದರೂ ಹೇಳಿದರೆ, ಅದು ಆ ಕಥೆಗಳಲ್ಲಿ ಒಂದರ ಬಾಲ ಹಿಡಿದು ಆಡುವ ಮಾತು ಎಂದು ತಿಳಿಸಿ. ಶಂಕರರಿಗೆ ಎಲೆಕ್ಟ್ರಾನಿನ ಸಾಕ್ಷಿ ಬೇಕಿಲ್ಲ.

ಇನ್ನು ತರಗತಿಯಲ್ಲಿ ಏನು ಮಾಡುವುದು? ಚಂದ್ರನ 1.4 ಮಿಲಿಮೀಟರ್ ಲೆಕ್ಕವನ್ನು ಮಾಡಿಸಿ. ಪರೀಕ್ಷೆಯಲ್ಲಿ ಬಲ ಎಂದೇ ಬರೆಯಲಿ, ಲೆಕ್ಕ ಸರಿ ಬಂದಿರುತ್ತದೆ, ಅಂಕವೂ ಬರುತ್ತದೆ. ಆಮೇಲೆ ನಿಮ್ಮ ಮೊಬೈಲಿಗೆ ಫೈಫಾಕ್ಸ್ ಎಂಬ ಆ್ಯಪ್ ಹಾಕಿಕೊಳ್ಳಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಟ್ಟಿದ್ದಾರೆ. ಅದರಲ್ಲಿ ವೇಗೋತ್ಕರ್ಷ ಅಳೆಯಲು ಎರಡು ಆಯ್ಕೆಗಳಿವೆ: ಮೊದಲನೆಯದು ‘ಜಿ’, ಅಂದರೆ ಗುರುತ್ವದ ವೇಗೋತ್ಕರ್ಷ, ಸೇರಿಸಿ; ಎರಡನೆಯದು ಅದನ್ನು ಕಳೆದು. ಜಿ ಸೇರಿಸಿದ್ದನ್ನು ಆರಿಸಿ ಮೊಬೈಲನ್ನು ಮೇಜಿನ ಮೇಲೆ ಸುಮ್ಮನೆ ಇಡಿ. 9.8 ತೋರಿಸುತ್ತದೆ, ಅದೂ ಮೇಲ್ಮುಖವಾಗಿ. ಕದಲದೆ ಕೂತ ವಸ್ತು ವೇಗೋತ್ಕರ್ಷದಲ್ಲಿದೆ ಎಂದು. ಈಗ ಒಂದು ಮೀಟರ್ ಎತ್ತರದಿಂದ ಕೈಬಿಡಿ. ಬೀಳುವ ಅರ್ಧ ಸೆಕೆಂಡಿನಷ್ಟು ಹೊತ್ತು ಗೆರೆ ಸೊನ್ನೆಯ ಬಳಿಗೆ ಇಳಿಯುತ್ತದೆ. ಸಂವೇದಕಕ್ಕೆ ತಾನಾಗಿ ತಿಳಿಯುವುದು ಇಷ್ಟೇ, ಪೇಟೆಂಟ್ ಕಚೇರಿಯ ಗುಮಾಸ್ತನಿಗೆ ಹೊಳೆದದ್ದೂ ಇದೇ. ಎರಡನೇ ಆಯ್ಕೆಯಲ್ಲಿ ಸಾಫ್ಟ್‌ವೇರ್ 9.8 ಅನ್ನು ಕಳೆದು, ನ್ಯೂಟನ್ ಹೇಳಿದಂತೆ, ಮೇಜಿನ ಮೇಲಿನ ಮೊಬೈಲಿಗೆ ಸೊನ್ನೆ ಕೊಡುತ್ತದೆ. ಎರಡನ್ನೂ ಅವಳ ಕೈಯಿಂದಲೇ ಮಾಡಿಸಿ. ಕೆಳಗೆ ದಪ್ಪ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿರಿ.